ಬೈನಾಕ್ಯುಲರ್ ಕೊಳ್ಳೋ ಮುಂಚೆ ಒಂದ್ಸಲ ಕೆರೆ ಏರಿ ಮೇಲೆ ನಿಲ್ಲಿ

ಕುಣಿಗಲ್ ದೊಡ್ಡಕೆರೆಗೆ ಒಂದು ಗುಣ ಇದೆ. ನೀರು ತುಂಬಿತು ಅಂದ್ರೆ ಹಕ್ಕಿಗಳನ್ನೆಲ್ಲ ನಮ್ಮಿಂದ ದೂರ ತಳ್ಳಿಬಿಡುತ್ತೆ. ಏರಿ ಮೇಲೆ ನಿಂತವರಿಗೆ ನಡುನೀರಲ್ಲಿ ಒಂದಷ್ಟು ಕಪ್ಪು ಚುಕ್ಕಿ, ಒಂದಷ್ಟು ಬಿಳಿ ಚುಕ್ಕಿ ಕಾಣುತ್ತವೆ, ಅಷ್ಟೇ. ಕಪ್ಪು ಚುಕ್ಕಿ ನೀರುಕಾಗೆಯೋ ನಾಮಕೋಳಿಯೋ, ಬಿಳಿಯದು ಬೆಳ್ಳಕ್ಕಿಯೋ ಹೆಜ್ಜಾರ್ಲೆಯೋ ಅನ್ನೋದು ಬರಿಗಣ್ಣಿಗೆ ದಕ್ಕೋದಿಲ್ಲ. ಮೊಬೈಲ್ ತೆಗೆದು ಜೂಮ್ ಮಾಡಿದರೆ ಚುಕ್ಕಿ ಹೋಗಿ ದೊಡ್ಡ ಚುಕ್ಕಿ ಆಗುತ್ತೆ. ಜನಪದ ಹಾಡಿನಲ್ಲಿ ಅಷ್ಟು ಹೊಗಳಿಸಿಕೊಂಡ ಕೆರೆ ಇದು. ನೋಡೋಕೆ ಅಂತ ಬಂದವರಿಗೆ ಅರ್ಧವೇ ಕಂಡರೆ ಹೇಗೆ?

ಅದಕ್ಕೇ "ಒಂದು ಒಳ್ಳೆ ಬೈನಾಕ್ಯುಲರ್ ಹೇಳು ಮಗಾ, ಜಾಸ್ತಿ ದುಡ್ಡಿಂದು ಬೇಡ" ಅಂತ ಗೆಳೆಯರು ಕೇಳ್ತಾನೇ ಇರ್ತಾರೆ. ವಾರವಿಡೀ ಬೆಂಗಳೂರಲ್ಲಿ ಸ್ಕ್ರೀನ್ ದಿಟ್ಟಿಸಿ, ಶನಿವಾರ ಊರಿನ ಬಸ್ ಹತ್ತುವ ನಮ್ಮಂಥವರಿಗೆ ಹಕ್ಕಿಗೊಂದು, ಆಟಕ್ಕೊಂದು, ಆಕಾಶಕ್ಕೊಂದು ಅಂತ ಮೂರು ಕೊಳ್ಳೋ ಯೋಗ ಇಲ್ಲ. ಒಂದೇ ಜೊತೆಯಲ್ಲಿ ಕೆರೆ ಹಕ್ಕಿ, ಹುತ್ರಿದುರ್ಗದ ನೆತ್ತಿಯಿಂದ ಕಾಣುವ ಬಯಲು, ಚಿನ್ನಸ್ವಾಮಿ ಸ್ಟೇಡಿಯಂನ ಮೇಲಿನ ಸಾಲಿನಿಂದ ಮ್ಯಾಚು, ರಾತ್ರಿ ತಾರಸಿಯಿಂದ ಚಂದ್ರ ಎಲ್ಲವೂ ಆಗಬೇಕು. ಮನೆಯವರೆಲ್ಲ ಬಳಸುವಂತಿರಬೇಕು. ಬಜೆಟ್ಟು ಹತ್ತು ಸಾವಿರದ ಆಚೀಚೆ.

ನನ್ನ ಉತ್ತರ ಒಂದೇ ಸಾಲಿನದು: ಎಂಟು ಪಟ್ಟು, ಮುಂದಿನ ಗಾಜು 40 ಅಥವಾ 42 ಮಿಲಿಮೀಟರ್. ಪೆಟ್ಟಿಗೆ ಮೇಲೆ 8×40 ಅಥವಾ 8×42 ಅಂತ ಇರುತ್ತೆ. ಆತುರ ಇರುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹತ್ತು ಸಾವಿರ ಅಂದರೆ ಹತ್ತು ಸಾವಿರ. ಯಾಕೆ ಅಂತ ತಿಳಿದುಕೊಂಡು ಕೊಡೋದು ವಾಸಿ.

ಪಟ್ಟಿನ ಮೋಹ

8×42ರಲ್ಲಿ ಮೊದಲ ಅಂಕಿ ವಸ್ತು ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನೋದು. 400 ಮೀಟರ್ ದೂರದ ಹೆಜ್ಜಾರ್ಲೆ 50 ಮೀಟರ್ ದೂರದಲ್ಲಿ ಕೂತಂತೆ ಕಾಣುತ್ತೆ. ಎರಡನೇ ಅಂಕಿ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ.

"ಎಂಟೇ ಯಾಕೆ? ಹತ್ತು, ಹನ್ನೆರಡು, ಇಪ್ಪತ್ತು ಇನ್ನೂ ಒಳ್ಳೇದಲ್ವಾ?" ಎಲ್ಲರೂ ಕೇಳೋ ಪ್ರಶ್ನೆ ಇದು. ಬೈನಾಕ್ಯುಲರ್ ಹಕ್ಕಿಯನ್ನು ಮಾತ್ರ ದೊಡ್ಡದು ಮಾಡೋದಿಲ್ಲ, ನಿಮ್ಮ ಕೈ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಇಪ್ಪತ್ತು ಪಟ್ಟಿನದನ್ನು ಕಣ್ಣಿಗಿಟ್ಟರೆ ಕೆರೆಗೆ ಕೆರೆಯೇ ಕುಣಿಯುತ್ತೆ. ಎಂಟು ಪಟ್ಟನ್ನು ಹೆಚ್ಚಿನವರು ಬರಿಗೈಯಲ್ಲಿ ಹಿಡಿಯಬಲ್ಲರು. ಹತ್ತು ಪಟ್ಟು ಅಭ್ಯಾಸ ಇರುವವರಿಗೆ ಸರಿ. ಅದಕ್ಕಿಂತ ಮೇಲೆ ಹೋದರೆ ಟ್ರೈಪಾಡ್ ಬೇಕು, ಅಷ್ಟೇ.

ಇನ್ನೊಂದು ನಷ್ಟ ಅಂಗಡಿಯಲ್ಲಿ ಗೊತ್ತಾಗೋದೇ ಇಲ್ಲ. ಪಟ್ಟು ಏರಿದಂತೆ ಕಾಣುವ ಜಾಗ ಕಿರಿದಾಗುತ್ತೆ. 8 ಡಿಗ್ರಿ ಕ್ಷೇತ್ರ ಇರುವ ಬೈನಾಕ್ಯುಲರ್‌ನಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲದ ನೋಟ ಸಿಗುತ್ತೆ, ಅಂದರೆ 200 ಮೀಟರ್ ದೂರದಲ್ಲಿ 28 ಮೀಟರ್. ಅದೇ 4 ಡಿಗ್ರಿ ಆದರೆ 14 ಮೀಟರ್. ಗುಳುಮುಳುಕ ಹಕ್ಕಿ ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತೆ. ಅಗಲ ನೋಟ ಇದ್ದವರಿಗೆ ಅದು ಎದ್ದ ತಕ್ಷಣ ಸಿಗುತ್ತೆ. ಕಿರಿದು ನೋಟದವರು "ಎಲ್ಲಿ, ಎಲ್ಲಿ" ಅಂತ ಹುಡುಕುವಷ್ಟರಲ್ಲಿ ಅದು ಮತ್ತೆ ಮುಳುಗಿರುತ್ತೆ.

ಆನ್‌ಲೈನ್‌ನಲ್ಲಿ ಹದಿನೈದು ನೂರು ರೂಪಾಯಿಗೆ "60×60", "ನೈಟ್ ವಿಷನ್", "ಮಿಲಿಟರಿ ಗ್ರೇಡ್" ಅಂತ ಬರ್ತಾವಲ್ಲ, ಅವುಗಳ ವಿಷಯ ಬೇರೆಯೇ. ಆಫೀಸಿನ ಸಹೋದ್ಯೋಗಿಯೊಬ್ಬರು ಇಂಥದ್ದೊಂದು ತರಿಸಿದ್ದರು. ಸ್ಕೇಲ್ ಇಟ್ಟು ಅಳೆದೆವು. ಮುಂದಿನ ಗಾಜು 60 ಅಲ್ಲ, ಬರೀ 35 ಮಿ.ಮೀ. ಆಮೇಲೆ ಅದನ್ನು ಕಿಟಕಿಯಾಚೆಯ ಆಕಾಶದ ಕಡೆ ತಿರುಗಿಸಿ, ಕಣ್ಣಿಡುವ ಕಡೆಯಿಂದ ಬೆರಳಗಲ ದೂರದಲ್ಲಿ ಬಿಳಿ ಹಾಳೆ ಹಿಡಿದೆವು. ಹಾಳೆ ಮೇಲೆ ಬೆಳಕಿನ ಒಂದು ಪುಟ್ಟ ಬಿಲ್ಲೆ ಬಿತ್ತು, ಹೆಚ್ಚುಕಡಿಮೆ ನಾಲ್ಕೂವರೆ ಮಿ.ಮೀ. ಅಗಲ. 35ನ್ನು ಆ ಅಗಲದಿಂದ ಭಾಗಿಸಿ: ಎಂಟಕ್ಕೂ ಸ್ವಲ್ಪ ಕಮ್ಮಿ. ಅರವತ್ತು ಪಟ್ಟು ಅಂತ ಮಾರಿದ್ದು ನಿಜದಲ್ಲಿ ಎಂಟು ಪಟ್ಟು, ಅದೂ ಮಬ್ಬು ಎಂಟು ಪಟ್ಟು! ಈ ಲೆಕ್ಕ ಯಾವ ಬೈನಾಕ್ಯುಲರ್ ಮೇಲಾದರೂ ಮಾಡಬಹುದು, ಎರಡು ನಿಮಿಷದ ಕೆಲಸ.

ಕೆಂಪಗೆ ಮಾಣಿಕ್ಯದಂತೆ ಹೊಳೆಯುವ ಗಾಜಿಗೂ ಮರುಳಾಗಬೇಡಿ. ಅದು ಕೆಂಪು ಬೆಳಕನ್ನು ಹೊರಗೇ ತಳ್ಳಿ, ನಿಮಗೆ ಹಸಿರು ಬಡಿದ ಲೋಕ ತೋರಿಸುತ್ತೆ. ಜೂಮ್ ಇರುವ ಬೈನಾಕ್ಯುಲರ್‌ಗಳೂ ಈ ಬೆಲೆಗೆ ಬೇಡ. ಎರಡು ಕೊಳವೆಗಳ ಜೂಮ್ ಒಂದೇ ಸಮ ಓಡಬೇಕು, ಅಗ್ಗದ ಮಾಲಿನಲ್ಲಿ ಓಡೋದಿಲ್ಲ.

ಬೆಳಕಿನ ಲೆಕ್ಕ

ಆ ಬೆಳಕಿನ ಬಿಲ್ಲೆಯ ಮಾತು ಬಂತಲ್ಲ, ಅಸಲಿ ವಿಷಯ ಇರೋದು ಅಲ್ಲೇ. ಮುಂದಿನ ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ ಸಿಗುತ್ತೆ. 8×42ಕ್ಕೆ 5.25 ಮಿ.ಮೀ., 10×42ಕ್ಕೆ 4.2, ಜೇಬಿನಲ್ಲಿ ಹಿಡಿಸುವ 10×25ಕ್ಕೆ ಬರೀ 2.5. ನಡುಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ಅಷ್ಟೇ ತೆರೆದಿರುತ್ತೆ, ಹಾಗಾಗಿ ಪುಟ್ಟದೂ ನಡೆಯುತ್ತೆ. ಬೆಳಗಿನ ಆರೂಕಾಲು, ಸಂಜೆಯ ಆರೂವರೆಗೆ ಪಾಪೆ ಅಗಲವಾಗುತ್ತೆ, ಆಗ 2.5 ಮಿ.ಮೀ. ಕಂಬ ಸಾಲೋದಿಲ್ಲ, ಮಂಕಾಗುತ್ತೆ. ಹಕ್ಕಿಗಳು ಚುರುಕಾಗಿರೋದು ಆ ಹೊತ್ತಿನಲ್ಲೇ. ಹತ್ತು ಗಂಟೆಗೆ ತಿಂಡಿ ಮುಗಿಸಿ ಕೆರೆಗೆ ಹೋದವರಿಗೆ ಅವು ರೆಕ್ಕೆ ಮುದುಡಿ ಕೂತಿರೋದು ಕಾಣುತ್ತೆ.

ಕಂಬ ಅಗಲವಾಗಿದ್ದರೆ ಇನ್ನೊಂದು ಲಾಭ, ಕಣ್ಣನ್ನು ಕೂದಲೆಳೆ ಲೆಕ್ಕದಲ್ಲಿ ಸರಿಯಾದ ಜಾಗಕ್ಕೆ ಇಡಬೇಕಾಗಿಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ, ಅಲುಗಾಡೋ ಬಸ್ಸಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಒಳಗಿನ ಗಾಜಿನ ಲೇಪನದ ಬಗ್ಗೆ ಒಂದು ಸಣ್ಣ ಗಣಿತ. ಲೇಪನ ಇಲ್ಲದ ಗಾಜಿನ ಪ್ರತಿ ಮೇಲ್ಮೈ ಬೆಳಕಿನ ಶೇಕಡ 4ರಷ್ಟನ್ನು ವಾಪಸ್ ಎಸೆಯುತ್ತೆ. ಒಂದು ಕೊಳವೆಯಲ್ಲಿ ಇಂಥ ಮೇಲ್ಮೈ 12 ಇವೆ ಅಂತಿಟ್ಟುಕೊಳ್ಳಿ. 0.96ನ್ನು 12 ಸಲ ಗುಣಿಸಿದರೆ 0.61. ಅಂದರೆ ನೂರು ರೂಪಾಯಿ ಬೆಳಕು ಹಾಕಿದರೆ ಕೈಗೆ ಬರೋದು 61. ಒಳ್ಳೆಯ ಬಹುಪದರ ಲೇಪನ ಇದ್ದರೆ ಪ್ರತಿ ಮೇಲ್ಮೈಯ ನಷ್ಟ ಅರ್ಧ ಶೇಕಡಕ್ಕೆ ಇಳಿಯುತ್ತೆ, ಕೈಗೆ 94 ಬರುತ್ತೆ. ಹಾಗಾಗಿ ವಿವರದಲ್ಲಿ "ಫುಲ್ಲಿ ಮಲ್ಟಿ ಕೋಟೆಡ್" ಅನ್ನೋ ಮೂರು ಪದ ಹುಡುಕಿ. ಬರೀ "ಕೋಟೆಡ್" ಅಂದರೆ ಎಲ್ಲೋ ಒಂದೆರಡು ಕಡೆ ಬಳಿದಿದ್ದಾರೆ ಅಂತ ಅರ್ಥ.

ಪಟ್ಟಕದ ವಿಷಯಕ್ಕೆ ಬಂದರೆ ಎರಡು ಜಾತಿ. ಹಳೇ ಸಿನಿಮಾಗಳಲ್ಲಿ ಕಾಣುವ, ಹೆಗಲು ಉಬ್ಬಿದ ಆಕಾರದ್ದು ಪೋರೋ. ಇಗ್ನಾಜಿಯೋ ಪೋರೋ ಅನ್ನೋ ಇಟಲಿಯವನು 1854ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಅದು. ನೇರ ಎರಡು ಕೊಳವೆಯಂತೆ ತೆಳ್ಳಗೆ ಕಾಣೋದು ರೂಫ್. ರೂಫ್ ನೋಡೋಕೆ ಚೆಂದ, ಹಗುರ, ಆದರೆ ಅದರ ಪಟ್ಟಕವನ್ನು ತುಂಬಾ ನಿಖರವಾಗಿ ಕಡೆಯಬೇಕು, ಮೇಲೆ ಫೇಸ್ ಕೋಟಿಂಗ್ ಅನ್ನೋ ಇನ್ನೊಂದು ಲೇಪನವೂ ಇದ್ದರೆ ಮಾತ್ರ ಚಿತ್ರ ಹರಿತ. ಈ ಖರ್ಚೆಲ್ಲ ಬೆಲೆಗೆ ಸೇರುತ್ತೆ. ಅದಕ್ಕೇ ಐದಾರು ಸಾವಿರದ ಪೋರೋ, ಅದೇ ಬೆಲೆಯ ರೂಫ್‌ಗಿಂತ ಸಾಮಾನ್ಯವಾಗಿ ಚೆನ್ನಾಗಿ ತೋರಿಸುತ್ತೆ. ಸ್ಟೈಲ್ ನೋಡಿ ರೂಫ್ ಕಡೆ ಓಡೋರಿಗೆ ನಾನು ಹೇಳೋದು ಇದನ್ನೇ, ಯಾರೂ ಕೇಳಲ್ಲ.

ಅಮ್ಮನ ಕನ್ನಡಕ

ಇಲ್ಲಿವರೆಗಿನ ಮಾತು ಯಾವ ಸೈಟಿನಲ್ಲಾದರೂ ಸಿಗುತ್ತೆ. ಆದರೆ ಕೊಳ್ಳುವವರು ನೋಡದೇ ಬಿಡೋ ಒಂದು ಅಂಕಿ ಇದೆ, ಮನೆಮಂದಿಗೆ ಒಂದೇ ಜೊತೆ ಅಂದಾಗ ಅದೇ ಎಲ್ಲಕ್ಕಿಂತ ಮುಖ್ಯ. ಐ ರಿಲೀಫ್. ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ಪೂರ್ತಿ ನೋಟ ಸಿಗುತ್ತೆ ಅನ್ನೋದರ ಅಳತೆ.

ನಮ್ಮಮ್ಮ ಇಪ್ಪತ್ತು ವರ್ಷದಿಂದ ಕನ್ನಡಕದವರು. ನೆಂಟರೊಬ್ಬರು ಗಲ್ಫ್‌ನಿಂದ ತಂದುಕೊಟ್ಟ ಹಳೇ ಬೈನಾಕ್ಯುಲರ್ ಮನೆಯಲ್ಲಿತ್ತು. ಏರಿ ಮೇಲೆ ವಾಕಿಂಗ್ ಹೋದಾಗ ಅಪ್ಪ ನೋಡಿ "ಅಗೋ ಕೊಕ್ಕರೆ, ರೆಕ್ಕೆ ತುದಿ ಗುಲಾಬಿ" ಅನ್ನೋರು. ಅಮ್ಮನ ಕೈಗೆ ಕೊಟ್ಟರೆ ಕಪ್ಪು ಸುರಂಗದ ಕೊನೆಯಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು ಬೆಳಕು. ಕನ್ನಡಕ ತೆಗೆದು ಹಾಕಿ, ಮತ್ತೆ ತೆಗೆದು, ಕೊನೆಗೆ "ನನ್ನ ಕಣ್ಣಲ್ಲೇ ದೋಷ ಇದೆ ಬಿಡಪ್ಪ, ನೀವು ನೋಡಿ" ಅಂದು ಸುಮ್ಮನಾಗಿದ್ದರು. ವರ್ಷಗಟ್ಟಲೆ ಹಾಗೇ ನಂಬಿದ್ದರು. ಕಣ್ಣಲ್ಲಿ ಏನೂ ಇರಲಿಲ್ಲ. ಆ ಬೈನಾಕ್ಯುಲರ್‌ನ ಐ ರಿಲೀಫ್ ಹತ್ತು ಮಿ.ಮೀ. ಕೂಡ ಇರಲಿಲ್ಲ, ಕನ್ನಡಕದ ಗಾಜೇ ಆ ಜಾಗ ತಿಂದುಹಾಕ್ತಿತ್ತು. 17 ಮಿ.ಮೀ. ಐ ರಿಲೀಫ್‌ನ 8×42 ತಂದು, ಕಣ್ಣಿನ ಕಡೆಯ ರಬ್ಬರ್ ಕಪ್ಪನ್ನು ಒಳಗೆ ತಿರುಗಿಸಿ ಕೊಟ್ಟೆ. ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಇದರ ಕೊಕ್ಕಿನ ಕೆಳಗೆ ಚೀಲ ಇದೆ ಕಣೋ" ಅಂದರು. ಹೆಜ್ಜಾರ್ಲೆ ಅದು. ಮದುವೆಯಾಗಿ ಕುಣಿಗಲ್‌ಗೆ ಬಂದಾಗಿನಿಂದ ಅವರು ಅದನ್ನು ಬಿಳಿ ಚುಕ್ಕಿಯಾಗಿಯೇ ನೋಡಿದ್ದು.

ಹಾಗಾಗಿ ಕನ್ನಡಕ ಇರುವವರು 16 ಮಿ.ಮೀ.ಗಿಂತ ಕಮ್ಮಿ ಇದ್ದರೆ ಮುಟ್ಟಬೇಡಿ, ಬೆಲೆ ಎಷ್ಟೇ ಇಳಿದಿರಲಿ. ಸಮೀಪ ದೃಷ್ಟಿ ಅಥವಾ ದೂರ ದೃಷ್ಟಿ ದೋಷ ಮಾತ್ರ ಇರುವವರು ಕನ್ನಡಕ ತೆಗೆದು ಫೋಕಸ್ ಮಾಡಿಕೊಳ್ಳಬಹುದು ನಿಜ. ಸಿಲಿಂಡರ್ ಪವರ್ ಇರುವವರಿಗೆ ಅದು ಆಗೋದಿಲ್ಲ. ಮತ್ತೆ, ಹಕ್ಕಿ ಹಾರಿದಾಗೆಲ್ಲ ಕನ್ನಡಕ ತೆಗೆದು ಹಾಕುತ್ತಾ ಕೂತರೆ ಹಕ್ಕಿ ಮಾರ್ಕೋನಹಳ್ಳಿ ಡ್ಯಾಮ್ ತಲುಪಿರುತ್ತೆ.

ಮಕ್ಕಳಿಗೂ ಕೊಡೋದಾದರೆ ಎರಡು ಕಣ್ಣಿನ ನಡುವಿನ ಅಂತರ ನೋಡಿ. ಹೆಚ್ಚಿನ ಬೈನಾಕ್ಯುಲರ್‌ಗಳು 56 ಮಿ.ಮೀ.ಗಿಂತ ಹತ್ತಿರ ಮಡಚೋದಿಲ್ಲ. ಪುಟ್ಟ ಮಕ್ಕಳ ಕಣ್ಣು ಅದಕ್ಕಿಂತ ಹತ್ತಿರ ಇರಬಹುದು, ಆಗ ಅವರು ಒಂದೇ ಕಣ್ಣಲ್ಲಿ ನೋಡಿ ಬೇಜಾರಾಗಿ ವಾಪಸ್ ಕೊಡ್ತಾರೆ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗೋದೇ ಉಪಾಯ.

ಸರಿ, ಯಾವುದು ತಗೊಳ್ಳಲಿ?

ಕನ್ನಡಕ ಇಲ್ಲ, ದುಡ್ಡು ಕಮ್ಮಿ ಅಂದರೆ ಪೋರೋ ಜಾತಿಯ ಒಲಿಂಪಸ್ 8×40 ಡಿಪಿಎಸ್-1 ಅಥವಾ ನಿಕಾನ್ ಆಕ್ಯುಲಾನ್ ಎ211 8×42. ಎರಡರಲ್ಲೂ ನೋಟ 8 ಡಿಗ್ರಿ ಆಸುಪಾಸು, ಧಾರಾಳ. ಎರಡೂ ತೂಕದವು, ಆಕ್ಯುಲಾನ್ ಮುಕ್ಕಾಲು ಕೆಜಿ. ಎರಡಕ್ಕೂ ನೀರು ತಡೆಯುವ ಶಕ್ತಿ ಇಲ್ಲ, ಮಳೆ ಬಂದರೆ ಅಂಗಿಯೊಳಗೆ ಸೇರಿಸಬೇಕು. ಐ ರಿಲೀಫ್ ಸುಮಾರು 12 ಮಿ.ಮೀ., ಹಾಗಾಗಿ ನಮ್ಮಮ್ಮನಂಥವರಿಗೆ ಆಗೋದಿಲ್ಲ.

ಕನ್ನಡಕ ಇದೆ, ಇನ್ನೂ ಸ್ವಲ್ಪ ದುಡ್ಡು ಹಾಕಬಹುದು ಅಂದರೆ ರೂಫ್ ಜಾತಿಯಲ್ಲಿ ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42, ನಿಕಾನ್ ಪ್ರೋಸ್ಟಾಫ್ ಪಿ3 8×42. ಐ ರಿಲೀಫ್ ಮೊದಲನೆಯದರಲ್ಲಿ 17 ಮಿ.ಮೀ. ದಾಟುತ್ತೆ, ಎರಡನೆಯದರಲ್ಲಿ 20. ಒಳಗೆ ಸಾರಜನಕ ತುಂಬಿ ಮುಚ್ಚಿರುವುದರಿಂದ ಎರಡೂ ಮಳೆಗೆ ಹೆದರೋದಿಲ್ಲ. ಬೆಲೆ ಹಬ್ಬದ ಸೇಲ್‌ನಲ್ಲಿ ಇಳಿದು ಮಾರನೇ ವಾರ ಏರುತ್ತೆ, ಎರಡು ಮೂರು ಕಡೆ ನೋಡಿ. ನನ್ನನ್ನು ಒಂದೇ ಹೆಸರು ಹೇಳು ಅಂದರೆ, ಮನೆಗೆ ಒಂದೇ ಜೊತೆ ಅನ್ನೋದಾದರೆ, ಈ ಎರಡರಲ್ಲಿ ಅವತ್ತು ಯಾವುದು ಅಗ್ಗವೋ ಅದು.

ಹತ್ತು ಪಟ್ಟು ಯಾರಿಗೆ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿಗೆ ಕೃಷ್ಣಮೃಗ ನೋಡೋಕೆ ಪದೇ ಪದೇ ಹೋಗುವವರಿಗೆ ಆಸೆ ಆಗುತ್ತೆ, ನಿಜ. ಅಲ್ಲಿ ಪ್ರಾಣಿಗಳು ಅರ್ಧ ಕಿಲೋಮೀಟರ್ ಆಚೆ ನಿಂತಿರುತ್ತವೆ. ಆದರೆ ಹನ್ನೊಂದು ಗಂಟೆ ಆಯಿತು ಅಂದರೆ ನೆಲದಿಂದ ಬಿಸಿಗಾಳಿ ಎದ್ದು ಬಿಸಿಲ್ಗುದುರೆ ಕುಣಿಯುತ್ತೆ. ಆಗ ಎಂಟರಲ್ಲಿ ಕಾಣದ್ದು ಹತ್ತರಲ್ಲೂ ಕಾಣೋದಿಲ್ಲ, ಕುಣಿತ ಮಾತ್ರ ದೊಡ್ಡದಾಗುತ್ತೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಇದರ ಉಲ್ಟಾ. ಬಣ್ಣದ ಕೊಕ್ಕರೆಗಳು ಊರಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ, ಅಲ್ಲಿ ಅಗಲ ನೋಟವೇ ಬೇಕು. ದೇವರಾಯನದುರ್ಗದ ಬಂಡೆ ಸಂದಿಯ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಹುಡುಕುವವರಿಗೆ ಬೆಳಗಿನ ಮಂದ ಬೆಳಕೇ ಸವಾಲು. ಮೂರು ಜಾಗಕ್ಕೂ 8×42 ಸಲೀಸು.

ಕುದುರೆ ರೇಸಿನವರ ಕೊರಳಲ್ಲಿ ಬೈನಾಕ್ಯುಲರ್ ನೇತಾಡೋದು ನೋಡಿರ್ತೀರಿ. ನಮ್ಮೂರಿನ ಸ್ಟಡ್ ಫಾರ್ಮ್‌ನಲ್ಲಿ ಹುಟ್ಟಿದ ಕುದುರೆಗಳು ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಓಡುವಾಗಲೂ ಬೇಕಾಗಿರೋದು ಇದೇ ಗುಣ: ಓಡೋದನ್ನು ಬಿಡದೆ ಹಿಂಬಾಲಿಸುವ ಅಗಲ ನೋಟ.

ರಿಟರ್ನ್ ಮುಗಿಯೋ ಮುಂಚೆ

ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವು ಎಷ್ಟು ದಿನ ಅಂತ ಮೊದಲೇ ಓದಿ, "ರಿಪ್ಲೇಸ್‌ಮೆಂಟ್ ಮಾತ್ರ" ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆ ಗಡುವನ್ನು ಟೆಸ್ಟಿಂಗ್ ಅಂದುಕೊಳ್ಳಿ. ಪ್ರೊಡಕ್ಷನ್‌ಗೆ ಹೋದ ಮೇಲೆ ಬಗ್ ಸಿಕ್ಕರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲು ಎರಡೂ ಕೊಳವೆ ಒಂದೇ ಕಡೆ ನೋಡುತ್ತಿವೆಯಾ ಅನ್ನೋದು. ದೂರದ ಕರೆಂಟು ತಂತಿಯನ್ನು ನೋಡಿ. ನೋಡುತ್ತಲೇ ಬೈನಾಕ್ಯುಲರ್ ಅನ್ನು ಕಣ್ಣಿನಿಂದ ನಿಧಾನ ನಾಲ್ಕು ಬೆರಳು ಮುಂದೆ ಸರಿಸಿ. ಎಡ ಬಲದ ವೃತ್ತಗಳಲ್ಲಿ ತಂತಿ ಒಂದೇ ಎತ್ತರದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಮರುಮಾತಿಲ್ಲದೆ ವಾಪಸ್. ಅಂಥದ್ದನ್ನು ಮೆದುಳು ಹೇಗೋ ಹೊಂದಿಸಿಕೊಂಡು ನೋಡುತ್ತೆ, ಹತ್ತು ನಿಮಿಷಕ್ಕೆ ತಲೆನೋವು ಶುರು. ಬಹಳ ಜನ "ಬೈನಾಕ್ಯುಲರ್ ನನಗೆ ಒಗ್ಗಲ್ಲ" ಅನ್ನೋದರ ಕಾರಣ ಇದೇ ಇರುತ್ತೆ.

ಆಮೇಲೆ ಅದನ್ನು ಕೈ ಅಳತೆ ದೂರದಲ್ಲಿ ಆಕಾಶಕ್ಕೆ ಹಿಡಿದು ಕಣ್ಣಿನ ಕಡೆಯ ಬೆಳಕಿನ ಬಿಲ್ಲೆ ನೋಡಿ. ದುಂಡಗೆ, ಅಂಚಿನವರೆಗೂ ಬೆಳ್ಳಗಿದ್ದರೆ ಪಟ್ಟಕ ಸಾಮಾನ್ಯವಾಗಿ ಬಿಎಕೆ-4 ಗಾಜಿನದು. ಅಂಚು ಕತ್ತರಿಸಿದಂತೆ ಚೌಕ ನೆರಳು ಕಂಡರೆ ಅಗ್ಗದ ಬಿಕೆ-7. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನ ಗಾಜಿನಿಂದ ಹೊರಬರುವ ಬೆಳಕಿನ ವೃತ್ತವನ್ನು ಅಳೆದರೆ, 42 ಅಂತ ಹೇಳಿದ್ದರಲ್ಲಿ ನಿಜಕ್ಕೂ ಎಷ್ಟು ಮಿ.ಮೀ. ಕೆಲಸ ಮಾಡುತ್ತಿದೆ ಅಂತ ಅಂದಾಜಾಗುತ್ತೆ. ರಾತ್ರಿ ಬೀದಿ ದೀಪ ನೋಡಿ, ಸುತ್ತ ಭೂತಗಳಂತೆ ಎರಡು ಮೂರು ದೀಪ ತೇಲಿದರೆ ಲೇಪನ ಕಳಪೆ. ಚಂದ್ರನ ಅಂಚಿಗೆ ದಪ್ಪ ನೇರಳೆ ಗೆರೆ ಇದೆಯಾ ನೋಡಿ. ತೆಳ್ಳಗಿದ್ದರೆ ಈ ಬೆಲೆಗೆ ಒಪ್ಪಬಹುದು. ಹಾಗೇ ಗುರು ಗ್ರಹ ಮೇಲಿದ್ದರೆ ಗೋಡೆಗೆ ಒರಗಿ, ಉಸಿರು ಹಿಡಿದು ನೋಡಿ. ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ಉಪಗ್ರಹಗಳು ಪಕ್ಕದಲ್ಲಿ ಸಾಲಾಗಿ ಕೂತಿರುತ್ತವೆ, ಒಂದೆರಡಾದರೂ ಸಿಕ್ಕೇ ಸಿಗುತ್ತವೆ. ಸೂರ್ಯನ ಕಡೆ ಮಾತ್ರ ಯಾವ ಕಾರಣಕ್ಕೂ ಬೇಡ, ಒಂದು ಕ್ಷಣ ಸಾಕು ಕಣ್ಣು ಹೋಗೋದಕ್ಕೆ. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಿ.

ಈ ಪರೀಕ್ಷೆಯನ್ನೆಲ್ಲ ಏರಿ ಮೇಲೆ ನಿಂತು ಮಾಡೋರಿಗೆ ಒಂದು ಕಿವಿಮಾತು. ಹೈವೇ ಪಕ್ಕದ ಜಮೀನಿಗೆ ಬೆಲೆ ಬಂದ ಮೇಲೆ, ನಮ್ಮ ಕಡೆ ಕೊರಳಲ್ಲಿ ಉಪಕರಣ ತೂಗಿಹಾಕಿಕೊಂಡ ಯಾರನ್ನು ಕಂಡರೂ ಜನಕ್ಕೆ ಒಂದೇ ಅನುಮಾನ. "ಸರ್ವೇನಾ ಸಾರ್? ರೋಡು ಯಾವ ಕಡೆಯಿಂದ ಬರುತ್ತೆ?" ಅಂತ ನನ್ನನ್ನೇ ಮೂರು ಸಲ ಕೇಳಿದ್ದಾರೆ. ಬೈನಾಕ್ಯುಲರ್ ಅವರ ಕೈಗೇ ಕೊಟ್ಟುಬಿಡೋದು ಸುಲಭದ ಉತ್ತರ. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಹಾಗೆ ಇಸ್ಕೊಂಡು, ನಾನು ಬೆಳ್ಳಕ್ಕಿ ಅಂದುಕೊಂಡಿದ್ದ ಗುಂಪಿನಲ್ಲಿ ಕೊಕ್ಕು ಚಮಚದಂತಿರೋ ಎರಡನ್ನು ತೋರಿಸಿದರು. ಚಮಚದ ಕೊಕ್ಕಿನ ಹಕ್ಕಿ ಕೆರೆಗೆ ಬರುತ್ತೆ ಅನ್ನೋದು ಅವರಿಗೆ ಮೊದಲಿಂದಲೂ ಗೊತ್ತಂತೆ.

ಇನ್ನು ಜೋಪಾನ. ಲುಂಗಿ, ಸೆರಗು, ಟೀಶರ್ಟಿನ ತುದಿಯಿಂದ ಗಾಜು ಒರೆಸಬೇಡಿ, ಧೂಳಿನ ಕಣವೇ ಲೇಪನವನ್ನು ಗೀರುತ್ತೆ. ಮೊದಲು ಊದುವ ರಬ್ಬರ್ ಬುಡ್ಡೆಯಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಮಳೆಗಾಲದಲ್ಲಿ ಬೀರುವಿನ ಕತ್ತಲಲ್ಲಿ ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತೆ, ಪೋರೋಗಳಿಗಂತೂ ಇದೇ ಶತ್ರು. ಗಾಳಿಯಾಡದ ಡಬ್ಬಿ, ಅದರಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಸಾಕು. ಹೊಸ ಶೂ ಡಬ್ಬಿಯಲ್ಲಿ ಬಂದವನ್ನು ಎಸೆಯಬೇಡಿ.

ಮನೆಯಲ್ಲಿ ಮೂರ್ನಾಲ್ಕು ಜನ ಬಳಸೋದಾದರೆ ಬಲಗಣ್ಣಿನ ಕಡೆಯ ಡಯಾಪ್ಟರ್ ಉಂಗುರವನ್ನು ಪ್ರತಿಯೊಬ್ಬರಿಗೂ ಒಂದು ಸಲ ಹೊಂದಿಸಿಬಿಡಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ದೂರದ ಬೋರ್ಡಿನ ಅಕ್ಷರ ಹರಿತ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಉಂಗುರ ಮಾತ್ರ ತಿರುಗಿಸಿ ಬಲಗಣ್ಣಿಗೆ ಅದೇ ಅಕ್ಷರ ಹರಿತ ಮಾಡಿ. ಉಂಗುರ ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ನಮ್ಮನೆ ಬೈನಾಕ್ಯುಲರ್ ಪಟ್ಟಿಗೆ ಒಂದು ಸಣ್ಣ ಸ್ಟಿಕರ್ ಅಂಟಿಸಿದ್ದೀನಿ: ಅಪ್ಪ ಸೊನ್ನೆ, ನಾನು ಎಡಕ್ಕೆ ಒಂದು ಗೆರೆ, ಅಮ್ಮ ಬಲಕ್ಕೆ ಎರಡು. ಈಗೀಗ ಉಂಗುರ ಯಾವಾಗ ನೋಡಿದರೂ ಬಲಕ್ಕೆ ಎರಡರಲ್ಲೇ ಇರುತ್ತೆ.